ಕೆಟ್ಟ ವರ್ಷ ಬಂದರೂ ಮನೆತನ ಬೀಳದಿರಲಿ



ಕೃಷ್ಣಾ ಹೊಳೆಯ ದಂಡೆಯ ಊರುಗಳು 2019ನೆಯ ಇಸವಿಯನ್ನು ಬೇಗನೆ ಮರೆಯಲಾರವು. ಆ ವರ್ಷದ ಮೇ ತಿಂಗಳಲ್ಲಿ ಹೊಳೆ ಬತ್ತಿತ್ತು. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಭಾಗದ ಜನರು ಕುಡಿಯುವ ನೀರಿಗಾಗಿ ಕೊಯ್ನಾ ಅಣೆಕಟ್ಟಿನ ಕಡೆಗೆ ಮುಖಮಾಡಿ ನಿಂತಿದ್ದರು. ಮೂರು ತಿಂಗಳು ಕಳೆಯುವುದರೊಳಗೆ, ಆಗಸ್ಟ್ ತಿಂಗಳಲ್ಲಿ, ಅದೇ ಹೊಳೆ ಮಹಾಪೂರವಾಗಿ ಬಂದು ಹೊಲ, ಮನೆ, ದನದ ಕೊಟ್ಟಿಗೆಗಳನ್ನು ಮುಳುಗಿಸಿತು. ಮುಂದೆ 2021ರ ಜುಲೈ ತಿಂಗಳಲ್ಲಿ ಮತ್ತೆ ಪೂರ ಬಂದಿತು. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳು ಬರಪೀಡಿತವೆಂದು ಸರಕಾರ ಸಾರಿತು. ಐದು ವರ್ಷಗಳ ಒಳಗೆ ಎರಡು ಪೂರ, ಒಂದು ಬರ. ನಡುವೆ ಕೊರೋನಾ ಜಾಡ್ಯ ಬೇರೆ.

ಇಂಥ ವರ್ಷಗಳು ಬರುವುದನ್ನು ತಡೆಯುವುದು ರೈತನ ಕೈಯಲ್ಲಿಲ್ಲ. ಆದರೆ ಒಂದು ಮಾತನ್ನು ನೀವೆಲ್ಲರೂ ಕಂಡಿರುವಿರಿ. ಒಂದೇ ಊರಿನಲ್ಲಿ, ಒಂದೇ ಪೂರದಲ್ಲಿ ಮುಳುಗಿದ ಎರಡು ಮನೆತನಗಳಲ್ಲಿ ಒಂದು ಎರಡು ವರ್ಷಗಳಲ್ಲಿ ಚೇತರಿಸಿಕೊಂಡು ನಿಲ್ಲುತ್ತದೆ. ಇನ್ನೊಂದು ಐದು ವರ್ಷವಾದರೂ ಏಳುವುದಿಲ್ಲ. ಇದಕ್ಕೆ ದೈವವನ್ನು ಹಳಿದು ಸುಮ್ಮನೆ ಕೂಡ್ರುವುದಕ್ಕಿಂತ, ಕಾರಣವನ್ನು ಹುಡುಕುವುದು ಲೇಸು. ಈ ಲೇಖನದಲ್ಲಿ ಆ ಕಾರಣಗಳನ್ನೂ ಅವಕ್ಕೆ ತಕ್ಕ ಉಪಾಯಗಳನ್ನೂ ವಿವರಿಸಲಾಗಿದೆ.

ಮನೆತನ ಬೀಳುವುದು ಹೇಗೆ?

ಬಡತನವೆಂದರೆ ಹುಟ್ಟಿನಿಂದ ಬಂದದ್ದು, ಅದರಿಂದ ಹೊರಗೆ ಬಂದವನು ಮತ್ತೆ ಅದರೊಳಗೆ ಹೋಗುವುದಿಲ್ಲ ಎಂದು ಬಹು ಜನರು ತಿಳಿದಿದ್ದಾರೆ. ಇದು ಸರಿಯಲ್ಲ. ಮೊದಲು ಭಾರತೀಯ ಆಡಳಿತ ಸೇವೆಯಲ್ಲಿದ್ದು ಆಮೇಲೆ ಪ್ರಾಧ್ಯಾಪಕರಾದ ಅನಿರುದ್ಧ ಕೃಷ್ಣ ಎಂಬವರು ರಾಜಸ್ಥಾನ, ಗುಜರಾತ, ಆಂಧ್ರ ಪ್ರದೇಶದ ಹಳ್ಳಿಗಳಲ್ಲಿಯೂ, ಆಫ್ರಿಕೆಯ ಕೆನ್ಯಾ, ಯುಗಾಂಡ ದೇಶಗಳಲ್ಲಿಯೂ ಸಾವಿರಾರು ಕುಟುಂಬಗಳ ಚರಿತ್ರೆಯನ್ನು ಕೇಳಿ ಬರೆದುಕೊಂಡರು. ಅವರು ಕಂಡದ್ದಿಷ್ಟು: ಒಂದು ಕಡೆಯಿಂದ ಕೆಲವು ಕುಟುಂಬಗಳು ಬಡತನದಿಂದ ಹೊರಗೆ ಬರುತ್ತಿರುವಾಗಲೇ, ಇನ್ನೊಂದು ಕಡೆಯಿಂದ ಚೆನ್ನಾಗಿದ್ದ ಕುಟುಂಬಗಳು ಅದರೊಳಗೆ ಬೀಳುತ್ತಿರುತ್ತವೆ. ಬೀಳಲು ಎಲ್ಲಕ್ಕಿಂತ ದೊಡ್ಡ ಕಾರಣ ಮನೆಯಲ್ಲಿ ಬಂದ ದೊಡ್ಡ ರೋಗ ಮತ್ತು ಅದರ ಖರ್ಚು. ಅದರ ಜೊತೆಗೆ ಮದುವೆ, ತಿಥಿಗಳ ದುಂದು, ಹೆಚ್ಚು ಬಡ್ಡಿಯ ಖಾಸಗಿ ಸಾಲ, ಬೆಳೆ ನಷ್ಟ, ಬಾವಿ ಬತ್ತುವುದು ಮೊದಲಾದವು.

ನಮ್ಮ ಕಡೆಯ ಅನುಭವವೂ ಇದಕ್ಕಿಂತ ಬೇರೆಯಲ್ಲ. ಮನೆತನ ಒಂದೇ ಪೆಟ್ಟಿಗೆ ಬೀಳುವುದು ಅಪರೂಪ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೊದಲು ಕೂಡಿಟ್ಟ ಹಣ ಹೋಗುತ್ತದೆ. ಆಮೇಲೆ ಹಿಂಡುವ ಎಮ್ಮೆ ಸಂತೆಗೆ ಹೋಗುತ್ತದೆ; ಬರಗಾಲದಲ್ಲಿ ಎಲ್ಲರೂ ಮಾರುವುದರಿಂದ ಅದಕ್ಕೆ ಅರ್ಧ ಬೆಲೆಯೂ ಬರುವುದಿಲ್ಲ. ಅನಂತರ ಹೆಣ್ಣುಮಕ್ಕಳ ಬಂಗಾರ ಒತ್ತೆ ಬೀಳುತ್ತದೆ. ಅನಂತರ ಕೈಸಾಲ. ಅದರ ಮೇಲೆ ಹುಡುಗ ಶಾಲೆ ಬಿಡುತ್ತಾನೆ. ಕಡೆಗೆ ಹೊಲವನ್ನು ಒತ್ತೆ ಹಾಕುವುದು ಅಥವಾ ಮಾರುವುದು. ಮೇಲಿನ ಮೆಟ್ಟಿಲಲ್ಲಿ ಇರುವಾಗ ಹಿಡಿದುಕೊಂಡರೆ ಮತ್ತೆ ಹತ್ತುವುದು ಸುಲಭ. ಎಮ್ಮೆ ಹೋದ ಮೇಲೆ ಕಷ್ಟ. ಹೊಲ ಹೋದ ಮೇಲೆ ಬಹು ಕಷ್ಟ.

ಆದುದರಿಂದ ಬಡತನವನ್ನು ಕಡಿಮೆ ಮಾಡುವುದೆಂದರೆ ಆದಾಯ ಹೆಚ್ಚಿಸುವುದಷ್ಟೇ ಅಲ್ಲ. ಬೀಳುವ ಮೆಟ್ಟಿಲುಗಳಿಗೆ ಒಂದೊಂದು ತಡೆ ಕಟ್ಟುವುದೂ ಅಷ್ಟೇ ಮುಖ್ಯವಾಗಿರುತ್ತದೆ.

ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟಬೇಡಿ

ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಾರಖಾನೆ ಸ್ಥಾಪನೆಯಾದಂದಿನಿಂದ ಹೊಳೆದಂಡೆಯ ನಮ್ಮ ಊರುಗಳಿಗೆ ಕಬ್ಬು ದೊಡ್ಡ ಆಧಾರವಾಗಿದೆ. ಮನೆ ಕಟ್ಟಿಸಿದ್ದು, ಮಕ್ಕಳನ್ನು ಓದಿಸಿದ್ದು, ಟ್ರ್ಯಾಕ್ಟರ್ ಕೊಂಡದ್ದು ಬಹುಮಟ್ಟಿಗೆ ಕಬ್ಬಿನ ಹಣದಿಂದಲೇ. ಅದನ್ನು ಬಿಟ್ಟುಬಿಡಿರೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಕಬ್ಬು ಹೊಲದಲ್ಲಿ 12ರಿಂದ 18 ತಿಂಗಳು ನಿಲ್ಲುವ ಬೆಳೆ. ಅಷ್ಟು ದಿನ ಹಾಕಿದ ಖರ್ಚೆಲ್ಲ ನೆಲದ ಮೇಲೆಯೇ ನಿಂತಿರುತ್ತದೆ. ಪೂರದ ನೀರಿನಲ್ಲಿ ಕಬ್ಬಿನ ಸುಳಿ ಮೇಲೆ ಉಳಿದರೆ ಬೆಳೆ ಬಹುಮಟ್ಟಿಗೆ ಬದುಕುತ್ತದೆ. ರಾಡಿ ನೀರು ಸುಳಿಯ ಮೇಲೆ ಹಲವು ದಿನ ನಿಂತರೆ ಕೊಳೆಯುತ್ತದೆ. ಇದಲ್ಲದೆ ಹಣ ಬರುವುದು ಕಾರಖಾನೆಯಿಂದ ಒಂದೇ ದಾರಿಯಲ್ಲಿ. ಕಬ್ಬು ಕೊಟ್ಟ 14 ದಿನಗಳೊಳಗೆ ಬಿಲ್ಲು ಕೊಡತಕ್ಕದ್ದು, ತಡವಾದರೆ ಶೇಕಡಾ 15ರಂತೆ ಬಡ್ಡಿ ಸೇರಿಸತಕ್ಕದ್ದು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಈ ಹಕ್ಕನ್ನು ಪ್ರತಿ ಬೆಳೆಗಾರನೂ ತಿಳಿದಿರಬೇಕು. ಆದರೂ ಬಿಲ್ಲು ತಡವಾದ ತಿಂಗಳಲ್ಲಿ ಮನೆ ನಡೆಯಬೇಕಲ್ಲವೇ?

ಒಂದು ಲೆಕ್ಕ ಹಾಕಿ ನೋಡೋಣ. ಇಲ್ಲಿಯ ಅಂಕಿಗಳು ತಿಳಿವಳಿಕೆಗಾಗಿ ಇಟ್ಟುಕೊಂಡವು. ನಿಮ್ಮ ಹೊಲದ ಅಂಕಿಗಳನ್ನು ಹಾಕಿ ನೀವೇ ಮತ್ತೊಮ್ಮೆ ಲೆಕ್ಕ ಮಾಡಿರಿ.

ಇಬ್ಬರು ರೈತರಿಗೆ ತಲಾ 3 ಎಕರೆ ಇದೆ. ಮೊದಲನೆಯವನು ಮೂರೂ ಎಕರೆ ಕಬ್ಬು ಹಚ್ಚಿದ್ದಾನೆ. ಎರಡನೆಯವನು 2 ಎಕರೆ ಕಬ್ಬು ಹಚ್ಚಿ, ಎತ್ತರದಲ್ಲಿರುವ 1 ಎಕರೆಯಲ್ಲಿ ಸೋಯಾ ಅವರೆ ಮತ್ತು ಹಿಂಗಾರಿ ಕಡಲೆ ಬೆಳೆಯುತ್ತಾನೆ. ಒಳ್ಳೆಯ ವರ್ಷದಲ್ಲಿ ಖರ್ಚು ಹೋಗಿ ಎಕರೆ ಕಬ್ಬಿಗೆ 60,000 ರೂಪಾಯಿ, ಬೇರೆ ಬೆಳೆಗೆ 40,000 ರೂಪಾಯಿ ಉಳಿಯುತ್ತದೆಂದು ಇಟ್ಟುಕೊಳ್ಳಿ. ಮೊದಲನೆಯವನಿಗೆ 1,80,000, ಎರಡನೆಯವನಿಗೆ 1,60,000. ಮೊದಲನೆಯವನೇ 20,000 ರೂಪಾಯಿ ಮುಂದೆ.

ಈಗ ಪೂರದ ವರ್ಷ. ಕಬ್ಬು ಪೂರ್ತಿ ಹೋಯಿತು. ಎಕರೆಗೆ ಹಾಕಿದ 30,000 ರೂಪಾಯಿ ಖರ್ಚು ನೀರುಪಾಲು. ಮೊದಲನೆಯವನಿಗೆ 90,000 ನಷ್ಟ. ಎರಡನೆಯವನಿಗೆ ಕಬ್ಬಿನಲ್ಲಿ 60,000 ನಷ್ಟ, ಎತ್ತರದ ಹೊಲದಲ್ಲಿ 40,000 ಲಾಭ. ಒಟ್ಟು 20,000 ನಷ್ಟ. ಇಬ್ಬರ ನಡುವಿನ ಅಂತರ 70,000 ರೂಪಾಯಿ. ಈ 70,000ವನ್ನು ಮೊದಲನೆಯವನು ಹೆಚ್ಚಿಗೆ ಸಾಲ ತರಬೇಕು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ತಂದರೆ ವರ್ಷಕ್ಕೆ ಬಡ್ಡಿಯೇ 25,200 ರೂಪಾಯಿ. ಒಳ್ಳೆಯ ವರ್ಷದಲ್ಲಿ ಅವನು ಹೆಚ್ಚಿಗೆ ಗಳಿಸಿದ 20,000 ರೂಪಾಯಿ ಈ ಬಡ್ಡಿಗೂ ಸಾಲದು. ಮೂರು ಒಳ್ಳೆಯ ವರ್ಷಗಳ ಹೆಚ್ಚಿನ ಗಳಿಕೆಯನ್ನು ಕೂಡಿಸಿದರೂ 60,000; ಒಂದು ಕೆಟ್ಟ ವರ್ಷ 70,000ವನ್ನು ಒಯ್ದಿತು.

ಎರಡನೆಯವನ ದಾರಿ ಪುಕ್ಕಟೆಯಲ್ಲ ಎಂಬುದನ್ನೂ ಮರೆಯಬಾರದು. ಒಳ್ಳೆಯ ವರ್ಷದಲ್ಲಿ ಅವನು ನೆರೆಯವನಿಗಿಂತ ಸ್ವಲ್ಪ ಹಿಂದೆ ಉಳಿಯುತ್ತಾನೆ. ಆ ಸ್ವಲ್ಪವೇ ಕೆಟ್ಟ ವರ್ಷಕ್ಕೆ ಅವನು ಕಟ್ಟುವ ಕಂತು ಎಂದು ತಿಳಿಯಬೇಕು.

ಹೈನವೂ ಇಂಥ ಇನ್ನೊಂದು ಗೂಟ. ಕಬ್ಬಿನ ಹಣ ವರ್ಷಕ್ಕೊಮ್ಮೆ ಬಂದರೆ, ಡೇರಿಯ ಹಣ ಕೆಲವು ದಿನಗಳಿಗೊಮ್ಮೆ ಬರುತ್ತದೆ; ಸಂತೆಯ ಖರ್ಚಿಗೆ ಕೈಸಾಲ ಬೇಕಾಗುವುದಿಲ್ಲ. ಆದರೆ ದನಕ್ಕೂ ಆಪತ್ತು ಉಂಟು. 2022ರಲ್ಲಿ ಚರ್ಮಗಂಟು ರೋಗದಿಂದ ಎಷ್ಟೋ ಮನೆಗಳ ಆಕಳು, ಎತ್ತುಗಳು ಸತ್ತವು. ಕಾರಣ, ಕಾಲಬಾಯಿ ಬೇನೆ ಮತ್ತು ಚರ್ಮಗಂಟು ರೋಗದ ಲಸಿಕೆಯನ್ನು ಪಶು ಆಸ್ಪತ್ರೆಯವರು ಬಂದಾಗ ತಪ್ಪದೆ ಹಾಕಿಸತಕ್ಕದ್ದು.

ಭೂಮಿಯೇ ಕಡೆಯ ಠೇವು

ಬ್ಯಾಂಕಿನಲ್ಲಿ ಇಟ್ಟ ಠೇವಿನಂತೆ ಭೂಮಿಯೂ ಒಂದು ಠೇವು. ಅದು ಸವಳು ಹಿಡಿದರೆ ಮನೆತನಕ್ಕೆ ಆಧಾರವೇ ಉಳಿಯುವುದಿಲ್ಲ. ನಮ್ಮ ಹೊಳೆದಂಡೆಯ ಕರೀ ಭೂಮಿ ಆಳವಾಗಿದ್ದು ನೀರನ್ನು ಬೇಗ ಬಸಿಯಗೊಡುವುದಿಲ್ಲ. ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ನೀರು ಹಾಯಿಸಿದಾಗ ಆ ನೀರು ಕೆಳಗೆ ಇಳಿದು ನಿಲ್ಲುತ್ತದೆ. ವರ್ಷ ವರ್ಷಕ್ಕೆ ನೆಲದ ಒಳಗಿನ ನೀರಿನ ಮಟ್ಟ ಮೇಲೆ ಏರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವಂತೆ ಮಣ್ಣು ಆ ನೀರನ್ನು ಮೇಲಕ್ಕೆ ಸೆಳೆಯುತ್ತದೆ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು ಮೇಲೆ ಉಳಿಯುತ್ತದೆ. ಹೊಲದಲ್ಲಿ ಬಿಳಿಯ ಪುಡಿ ಕಂಡರೆ, ಕಬ್ಬು ಅಲ್ಲಲ್ಲಿ ಕುಳ್ಳಾಗಿ ಹಳದಿಯಾದರೆ, ಇದೇ ಕಾರಣವೆಂದು ಸಂಶಯಪಡಬೇಕು.

ಬಹಳ ರೈತರು ಆಗ ಇನ್ನಷ್ಟು ನೀರು, ಇನ್ನಷ್ಟು ಗೊಬ್ಬರ ಹಾಕುತ್ತಾರೆ. ಇದರಿಂದ ರೋಗ ಹೆಚ್ಚುತ್ತದೆ. ಮೊದಲು ಮಣ್ಣನ್ನು ಪರೀಕ್ಷೆ ಮಾಡಿಸಬೇಕು. ಕ್ಷಾರ ಹೆಚ್ಚಾದ ಭೂಮಿಗೆ ಜಿಪ್ಸಂ ಬೇಕಾಗುತ್ತದೆ. ಬರೀ ಉಪ್ಪಿನ ಭೂಮಿಗೆ ಅದರಿಂದ ಪ್ರಯೋಜನವಿಲ್ಲ. ಎರಡಕ್ಕೂ ಬೇಕಾದದ್ದು ಒಂದೇ — ನೀರು ಹೊರಗೆ ಹೋಗಲು ದಾರಿ. ಹೂಳು ತುಂಬಿದ ಹಳ್ಳ, ನಾಲೆಗಳನ್ನು ತೆಗೆಯಿಸುವುದು, ನೆಲದೊಳಗೆ ರಂಧ್ರದ ಕೊಳವೆಗಳನ್ನು ಹೂಳಿ ಬಸಿಗಾಲುವೆ ಮಾಡುವುದು, ಹನಿ ನೀರಾವರಿಯಿಂದ ನೀರಿನ ಹದ ಹಿಡಿಯುವುದು, ಸೆಣಬು ಅಥವಾ ಡಯಂಚಾ ಬಿತ್ತಿ ಹಸಿರು ಗೊಬ್ಬರ ಮಾಡುವುದು — ಇವೇ ಉಪಾಯಗಳು. ಹರಿಯಾಣದ ಉಪ್ಪು ಭೂಮಿಯಲ್ಲಿಯೂ, ನಮ್ಮ ಪಕ್ಕದ ಶಿರೋಳ ತಾಲೂಕಿನಲ್ಲಿಯೂ ಕೊಳವೆಯ ಬಸಿಗಾಲುವೆಯಿಂದ ಕೆಟ್ಟ ಹೊಲಗಳನ್ನು ಮತ್ತೆ ಬೆಳೆಗೆ ತಂದಿದ್ದಾರೆ. ಆದರೆ ಒಬ್ಬನ ಬಸಿ ನೀರು ಇನ್ನೊಬ್ಬನ ಹೊಲದ ಮೂಲಕವೇ ಹಳ್ಳ ಸೇರಬೇಕು. ಆದುದರಿಂದ ಇದು ಒಬ್ಬಂಟಿಯ ಕೆಲಸವಲ್ಲ. ಒಂದು ಹಳ್ಳದ ಸುತ್ತಿನ ರೈತರೆಲ್ಲ ಕೂಡಿ ಮಾಡತಕ್ಕ ಕೆಲಸ. ಕಬ್ಬಿನ ವಿಷಯದಲ್ಲಿ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದ ಸಲಹೆಯನ್ನು ಪಡೆಯಬಹುದು.

ಒಣ ಬೇಸಾಯದ ಊರುಗಳಿಗೆ

ಹೊಳೆಯಿಂದ ದೂರ, ಮದಭಾವಿ, ಅನಂತಪುರದ ಕಡೆಗೆ ಹೋದರೆ ಮಾತು ಬೇರೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ. ನಮ್ಮ ಈ ಬಯಲಿನಲ್ಲಿ ಸುಮಾರು 600 ಮಿಲಿಮೀಟರು, ಅದೂ ನಂಬಿಗೆಯಿಲ್ಲದ್ದು. ಇಲ್ಲಿ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ನಿಲ್ಲಿಸುವುದು ಮೊದಲ ಕೆಲಸ. ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕುವುದು, ಅಡ್ಡಲಾಗಿಯೇ ಉಳುವುದು ಮತ್ತು ಬಿತ್ತುವುದು, ಒಡ್ಡಿನ ಕೊನೆಗೆ ಹೆಚ್ಚಿನ ನೀರಿಗೆ ಕೃಷಿಹೊಂಡ ತೋಡುವುದು ಎಲ್ಲರಿಗೂ ತಿಳಿದ ವಿದ್ಯೆ, ಮಾಡುವವರು ಕಡಿಮೆ. ಹಿಂಗಾರಿಗೆ ಮಾಲದಂಡಿ ಜೋಳ ಮತ್ತು ಕಡಲೆಯನ್ನು ಪೂರ್ತಿ ಬಿಡಬಾರದು. ಜೋಳ ಮನುಷ್ಯರಿಗೆ ಕಾಳು, ದನಗಳಿಗೆ ಕಣಿಕೆ ಕೊಡುತ್ತದೆ. ಬರಗಾಲದಲ್ಲಿ ಎಮ್ಮೆಯನ್ನು ಸಂತೆಗೆ ಹೋಗದಂತೆ ತಡೆಯುವುದು ಬಣವೆಯಲ್ಲಿರುವ ಕಣಿಕೆಯೇ.

ನೀರಿನ ವಿಷಯದಲ್ಲಿ ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ನಗರ) ಜಿಲ್ಲೆಯ ಹಿವರೆ ಬಾಜಾರ ಎಂಬ ಊರು ನೋಡತಕ್ಕದ್ದು. ಅಲ್ಲಿ ಮಳೆ ನಮಗಿಂತಲೂ ಕಡಿಮೆ. 1990ರ ತರುವಾಯ ಊರವರು ಸರಪಂಚ ಪೋಪಟರಾವ ಪವಾರರ ಮುಂದಾಳುತನದಲ್ಲಿ ಗುಡ್ಡಕ್ಕೆ ಚರಿ ತೋಡಿದರು, ಗಿಡ ಕಡಿಯುವುದನ್ನು ನಿಲ್ಲಿಸಿದರು, ಬೇಸಾಯಕ್ಕೆ ಕೊಳವೆ ಬಾವಿ ಕೊರೆಯಬಾರದೆಂದೂ ಹೆಚ್ಚು ನೀರಿನ ಕಬ್ಬು ಬೆಳೆಯಬಾರದೆಂದೂ ತಾವೇ ಕಟ್ಟು ಮಾಡಿಕೊಂಡರು. ಪ್ರತಿ ವರ್ಷ ಮಳೆಯನ್ನು ಅಳೆದು, ಕುಡಿಯಲು ಎಷ್ಟು, ದನಕ್ಕೆ ಎಷ್ಟು, ಉಳಿದದ್ದರಲ್ಲಿ ಯಾವ ಬೆಳೆ ಎಂದು ಗ್ರಾಮಸಭೆಯಲ್ಲಿ ಲೆಕ್ಕ ಹಾಕುತ್ತ ಬಂದರು. ದುಡಿಯಲು ಪೇಟೆಗೆ ಹೋದ ಕುಟುಂಬಗಳು ಊರಿಗೆ ತಿರುಗಿ ಬಂದವು. ಹಣದ ಮುಂಗಡ ಪತ್ರದಂತೆ ನೀರಿಗೂ ಮುಂಗಡ ಪತ್ರ ಬೇಕೆಂಬುದು ಅಲ್ಲಿಯ ಪಾಠ.

ಸಾಲ, ಉಳಿತಾಯ, ಸಂಘ

ಸಾಲ ಮಾಡುವುದು ತಪ್ಪಲ್ಲ. ಯಾವ ಸಾಲ ಎಂಬುದು ಮುಖ್ಯ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದಾಗ ಕಿವಿಗೆ ಸಣ್ಣದಾಗಿ ಕೇಳುತ್ತದೆ. ವರ್ಷಕ್ಕೆ ಅದು ಶೇಕಡಾ 36. ಹತ್ತು ಸಾವಿರ ತಂದು ಮೂರು ವರ್ಷ ಇಟ್ಟುಕೊಂಡರೆ ಬಡ್ಡಿ 10,800 ರೂಪಾಯಿ. ಅಸಲಿಗಿಂತ ಬಡ್ಡಿ ದೊಡ್ಡದು, ಅಸಲು ಹಾಗೆಯೇ ನಿಂತಿದೆ. ಸಹಕಾರಿ ಸಂಘದ ಅಲ್ಪಾವಧಿ ಬೆಳೆಸಾಲವಾದರೆ, ಸಕಾಲಕ್ಕೆ ತಿರುಗಿ ಕೊಟ್ಟವನಿಗೆ ರಾಜ್ಯದಲ್ಲಿ ಬಡ್ಡಿಯ ರಿಯಾಯಿತಿ ದೊರೆಯುತ್ತ ಬಂದಿದೆ. ಬಡ್ಡಿಯಿಲ್ಲದ ಈ ಸಾಲದ ಮಿತಿಯನ್ನು 2023ರ ಮುಂಗಡ ಪತ್ರದಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ವಾಯಿದೆಯ ದಿನವನ್ನು ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು, ಏಕೆಂದರೆ ವಾಯಿದೆ ತಪ್ಪಿದರೆ ರಿಯಾಯಿತಿಯೂ ತಪ್ಪುತ್ತದೆ.

ಸಹಕಾರ ನಮಗೆ ಹೊರಗಿನಿಂದ ಬಂದ ಹೊಸ ಮಾತಲ್ಲ. ಈ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗಿನ ಬಳಿಯ ಕಣಗಿನಹಾಳದಲ್ಲಿ. ಅದನ್ನು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಸಾವಕಾರರ ಬಡ್ಡಿಯಿಂದ ಒಕ್ಕಲಿಗನನ್ನು ಬಿಡಿಸುವುದೇ ಅವರ ಉದ್ದೇಶವಾಗಿತ್ತು. ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳೂ ಇದೇ ಮಾತನ್ನು ಮುಂದುವರಿಸಿವೆ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸಣ್ಣ ಸಣ್ಣ ಉಳಿತಾಯ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ವಾರಕ್ಕೆ ಸ್ವಲ್ಪವೇ ಆದರೂ ಕೂಡಿಡುವ ಹೆಣ್ಣುಮಗಳು, ಮಗುವಿಗೆ ಜ್ವರ ಬಂದ ರಾತ್ರಿ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.

ಆದರೆ ಇಲ್ಲಿ ಒಂದು ಎಚ್ಚರಿಕೆ. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಕಡೆ ಸಾಲ, ಅದನ್ನು ತೀರಿಸಲು ಮೂರನೆಯ ಕಡೆ ಸಾಲ — ಈ ಸರಪಳಿ ಕೊರಳಿಗೆ ಉರುಳಾಗುತ್ತದೆ. ಸಾಲ ಆಡು, ಎಮ್ಮೆ, ಹೊಲಿಗೆ ಯಂತ್ರ ಮುಂತಾಗಿ ದುಡಿಯುವ ವಸ್ತುವಿಗೆ ಹೋಗಲಿ, ಊಟದೌತಣಕ್ಕೆ ಹೋಗದಿರಲಿ. ಮದುವೆಯನ್ನು ಸಾಮೂಹಿಕವಾಗಿ ಅಥವಾ ಸರಳವಾಗಿ ಮಾಡಿದ ಮನೆತನಕ್ಕೆ ಮರ್ಯಾದೆ ಕಡಿಮೆಯಾಗಿಲ್ಲ. ಹೊಲ ಮಾರಿ ಮಾಡಿದ ಮದುವೆಯ ಊಟವನ್ನು ಉಂಡವರು ಮರುದಿನವೇ ಮರೆಯುತ್ತಾರೆ.

ರೋಗ ಬಂದಾಗ

ಎಲ್ಲಕ್ಕಿಂತ ಹೆಚ್ಚು ಮನೆತನಗಳನ್ನು ಕೆಡವುವುದು ರೋಗ ಎಂದು ಮೊದಲೇ ಹೇಳಿದೆವು. ಇದಕ್ಕಾಗಿ ನಮ್ಮ ರಾಜ್ಯದಲ್ಲಿ ಸಹಕಾರಿ ಸಂಘಗಳ ಸದಸ್ಯರಿಗೆಂದು 'ಯಶಸ್ವಿನಿ' ಯೋಜನೆ 2002ರಲ್ಲಿ ಸಾರಲ್ಪಟ್ಟು 2003ರಲ್ಲಿ ಕೆಲಸಕ್ಕೆ ಬಂದಿತು. ಸದಸ್ಯರು ಸಣ್ಣ ವಂತಿಗೆ ಕೊಟ್ಟು ದೊಡ್ಡ ಶಸ್ತ್ರಚಿಕಿತ್ಸೆಯ ಖರ್ಚಿನಿಂದ ಪಾರಾಗುವ ಯೋಜನೆಯಿದು. 2018ರಲ್ಲಿ ನಿಂತುಹೋಗಿದ್ದ ಇದನ್ನು 2022–23ರಲ್ಲಿ ಮತ್ತೆ ಆರಂಭಿಸಲಾಯಿತು. ಇದಲ್ಲದೆ 2018ರಿಂದ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆ ಉಂಟು. ಹೆಸರು ನೋಂದಾಯಿಸುವ ದಿನಗಳನ್ನು ಸಂಘದ ಕಾರ್ಯದರ್ಶಿಯಿಂದಲೂ ಆಶಾ ಕಾರ್ಯಕರ್ತೆಯಿಂದಲೂ ಕೇಳಿ ತಿಳಿದುಕೊಳ್ಳಿರಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಾರ್ಡು ಹುಡುಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಬೆಳೆ ವಿಮೆಯದೂ ಹೀಗೆಯೇ. 2016ರಿಂದ ನಡೆದಿರುವ ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲು ಮುಂಗಾರಿ ಆಹಾರ ಬೆಳೆಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಬೆಳೆಗೆ 5 ಮೀರಬಾರದು. ನಮ್ಮ ಪಂಚಾಯತಿಗೆ ಯಾವ ಬೆಳೆಗಳು ಸೇರಿವೆ, ಕಡೆಯ ದಿನ ಯಾವುದು ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆಗೆ ಮೊದಲೇ ಕೇಳತಕ್ಕದ್ದು.

ಪೂರಕ್ಕೆ ಮುನ್ನ ಸಿದ್ಧತೆ

ನಮ್ಮಲ್ಲಿ ಒಂದು ಹನಿ ಮಳೆಯಿಲ್ಲದ ದಿನವೂ ಹೊಳೆ ಏರುತ್ತದೆ. ಏಕೆಂದರೆ ನೀರು ಬರುವುದು ಸಹ್ಯಾದ್ರಿಯಿಂದ. ಕೊಯ್ನಾ, ವಾರಣಾ, ಪಂಚಗಂಗಾ ನದಿಗಳು ಮೇಲೆಯೇ ಕೃಷ್ಣೆಯನ್ನು ಕೂಡುತ್ತವೆ. ಇದರಲ್ಲಿ ಒಂದು ಅನುಕೂಲವೂ ಅಡಗಿದೆ. ನೀರು ದೂರದಿಂದ ಬರುವುದರಿಂದ ಎಚ್ಚರಿಕೆಗೆ ಸಮಯ ದೊರೆಯುತ್ತದೆ. ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಲ್ಲಿ ಎಷ್ಟು ಹರಿಯುತ್ತಿದೆ ಎಂಬ ಸುದ್ದಿಯನ್ನು ಆಗಸ್ಟಿನಲ್ಲಿ ದಿನಾಲು ತಿಳಿದು, ಗುಡಿಯ ಮುಂದಿನ ಹಲಗೆಯ ಮೇಲೆ ಬರೆಯುವ ಏರ್ಪಾಡು ಜುಗೂಳ, ಮಂಗಾವತಿ, ಕೃಷ್ಣಾ ಕಿತ್ತೂರಿನಂಥ ಪ್ರತಿ ಊರಿನಲ್ಲಿಯೂ ಇರಬೇಕು.

ಎಚ್ಚರಿಕೆಯ ಶಕ್ತಿ ಎಷ್ಟೆಂಬುದಕ್ಕೆ ಬಾಂಗ್ಲಾದೇಶವೇ ಸಾಕ್ಷಿ. 1970ರ ನವೆಂಬರದ ಚಂಡಮಾರುತದಲ್ಲಿ ಅಲ್ಲಿ ಕಡಿಮೆಯೆಂದರೂ 3 ಲಕ್ಷ ಜನರು ಸತ್ತರು. 1972ರಿಂದ ಆ ದೇಶವು ಹಳ್ಳಿ ಹಳ್ಳಿಯಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿತು. ಕ್ರಮೇಣ ಎತ್ತರದ ಆಸರೆ ಕಟ್ಟಡಗಳನ್ನು ಕಟ್ಟಿತು, ದನಗಳಿಗೆ ಮಣ್ಣಿನ ದಿಬ್ಬಗಳನ್ನು ಹಾಕಿತು. 1991ರಲ್ಲಿ ಮತ್ತೆ ಲಕ್ಷಕ್ಕೂ ಮಿಕ್ಕಿ ಜನ ಸತ್ತರೂ ಅವರು ಕೈಬಿಡಲಿಲ್ಲ. 2020ರಲ್ಲಿ ಅಂಫಾನ್ ಎಂಬ ಭಾರಿ ಚಂಡಮಾರುತ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸಾಗಿಸಿದ್ದರಿಂದ, ಆ ದೇಶದಲ್ಲಿ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಆ ದೇಶ ಶ್ರೀಮಂತವಾಗಿ ಇದನ್ನು ಮಾಡಲಿಲ್ಲ. ಬಡದೇಶವಾಗಿದ್ದುಕೊಂಡೇ ಸಿದ್ಧತೆಯಿಂದ ಮಾಡಿತು.

ಭೂಮಿಯಿಲ್ಲದವರನ್ನು ಮರೆಯಬಾರದು

ಹೊಲ ಮುಳುಗಿದಾಗ ಪರಿಹಾರದ ಯಾದಿಯಲ್ಲಿ ಹೊಲದ ಒಡೆಯನ ಹೆಸರು ಬರುತ್ತದೆ. ಆ ಹೊಲದಲ್ಲಿ ಕೂಲಿ ಮಾಡುವವನಿಗೂ, ಲಾವಣಿಗೆ ಮಾಡುವವನಿಗೂ ಕೆಲಸ ಹೋದದ್ದು ಯಾವ ಕಾಗದದಲ್ಲಿಯೂ ಕಾಣುವುದಿಲ್ಲ. ಇವರಿಗೆ ಬೇಕಾದದ್ದು ಊರಿನಲ್ಲಿಯೇ ಕೆಲಸ. ಈ ವಿಚಾರ ಹುಟ್ಟಿದ್ದು ನಮ್ಮ ನೆರೆಯಲ್ಲಿಯೇ. ಮಿರಜದ ಆಚೆ ಸಾಂಗಲಿ ಜಿಲ್ಲೆಯ ತಾಸಗಾಂವ ಭಾಗದಲ್ಲಿ, ವಿ. ಎಸ್. ಪಾಗೆಯವರ ಪ್ರೇರಣೆಯಿಂದ 1965ರಲ್ಲಿ, ಕೆಲಸ ಕೇಳಿದವನಿಗೆ ಕೆಲಸ ಕೊಡುವ ಪ್ರಯೋಗ ನಡೆಯಿತು. 1972ರ ಭೀಕರ ಬರದಲ್ಲಿ ಮಹಾರಾಷ್ಟ್ರದ ತುಂಬ ಇದೇ ರೀತಿಯ ಕೆಲಸಗಳಿಂದ ಲಕ್ಷಗಟ್ಟಲೆ ಜನರು ಬದುಕಿದರು. 1977ರಲ್ಲಿ ಅದು ಆ ರಾಜ್ಯದ ಕಾಯ್ದೆಯಾಯಿತು. 2005ರಲ್ಲಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವೆಂದು ಇಡೀ ದೇಶದ ಕಾಯ್ದೆಯಾಯಿತು. 2025ರ ಕೊನೆಗೆ ಸಂಸತ್ತು ಅದರ ಜಾಗದಲ್ಲಿ ಹೊಸ ಕಾಯ್ದೆಯನ್ನು ತಂದಿರುವುದರಿಂದ, ಈಗಿನ ನಿಯಮಗಳನ್ನು ಪಂಚಾಯತಿಯಲ್ಲಿ ವಿಚಾರಿಸಿಕೊಳ್ಳಬೇಕು. ಊರಿನ ನಾಲೆಯ ಹೂಳು, ಹೊಲದ ಒಡ್ಡು, ದನಗಳ ದಿಬ್ಬ — ಇಂಥ ಕೆಲಸಗಳನ್ನು ಗ್ರಾಮಸಭೆಯಲ್ಲಿ ಬರೆಯಿಸಿದರೆ, ಕೂಲಿಯವನಿಗೆ ದುಡಿಮೆಯೂ ಊರಿಗೆ ರಕ್ಷಣೆಯೂ ಒಟ್ಟಿಗೆ ದೊರೆಯುತ್ತವೆ.

ತೀರ ಬಡ ಕುಟುಂಬಕ್ಕೆ ಬರೀ ಸಾಲ ಕೊಟ್ಟರೆ ಸಾಲದು. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಬೇರೊಂದು ಕ್ರಮವನ್ನು ಆರಂಭಿಸಿತು: ಆಡು, ಆಕಳಿನಂಥ ಒಂದು ದುಡಿಮೆಯ ವಸ್ತು, ಕೆಲವು ತಿಂಗಳ ಊಟದ ಖರ್ಚು, ತರಬೇತಿ, ಉಳಿತಾಯ, ಮತ್ತು ಮನೆಗೆ ಬಂದು ವಿಚಾರಿಸುವ ಕಾರ್ಯಕರ್ತರು. ಇದನ್ನು ಭಾರತ ಸೇರಿ ಆರು ದೇಶಗಳಲ್ಲಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಹಾಯ ನಿಂತು ಒಂದು ವರ್ಷವಾದ ಮೇಲೂ ಆ ಕುಟುಂಬಗಳು ಉಳಿದವರಿಗಿಂತ ಚೆನ್ನಾಗಿ ಉಂಡು ಬಾಳುತ್ತಿದ್ದವು. ವಸ್ತುವಿನ ಜೊತೆಗೆ ಊಟ, ತರಬೇತಿ, ವಿಚಾರಣೆ ಎಲ್ಲವೂ ಕೂಡಿ ದೊರೆತುದರಿಂದಲೇ ಇದು ಸಾಧ್ಯವಾಯಿತು.

ಈ ವರ್ಷ ಮಾಡತಕ್ಕ ಕೆಲಸಗಳು

1. ಹೊಲದಲ್ಲಿ ಕನಿಷ್ಠ ಒಂದು ಭಾಗವನ್ನು, ಸಾಧ್ಯವಿದ್ದರೆ ಎತ್ತರದ ಭಾಗವನ್ನು, ಕಬ್ಬಲ್ಲದ ಬೆಳೆಗೆ ಬಿಡಿರಿ.

2. ಮಣ್ಣಿನ ಪರೀಕ್ಷೆ ಮಾಡಿಸಿರಿ. ಸವಳು ಕಂಡಲ್ಲಿ ನೆರೆಹೊರೆಯವರೊಡನೆ ಕೂಡಿ ಬಸಿಗಾಲುವೆಯ ಯೋಚನೆ ಮಾಡಿರಿ.

3. ಮುಂದಿನ ಬಿತ್ತನೆಯ ಬೀಜವನ್ನೂ ಎರಡು ತಿಂಗಳ ಕಾಳನ್ನೂ ಪೂರ ಮುಟ್ಟದ ಎತ್ತರದಲ್ಲಿ ಬೇರೆಯಾಗಿ ಇಡಿರಿ. ಎಲ್ಲವನ್ನೂ ಒಂದೇ ಕಡೆ ಇಡಬೇಡಿರಿ.

4. ದನಗಳಿಗೆ ಲಸಿಕೆ ಹಾಕಿಸಿರಿ. ಪೂರ ಬಂದರೆ ಅವುಗಳನ್ನು ಯಾವ ದಾರಿಯಿಂದ, ಯಾರ ಹೊಲಕ್ಕೆ ಒಯ್ಯುವುದೆಂದು ಜೂನ್ ತಿಂಗಳಲ್ಲಿಯೇ ಗೊತ್ತುಮಾಡಿರಿ. ನೀರು ಏರುವಾಗ ದನಗಳ ಹಗ್ಗ ಬಿಚ್ಚಿರಿ.

5. ಆಧಾರ, ಪಡಿತರ ಚೀಟಿ, ಪಹಣಿ, ಬ್ಯಾಂಕು ಪುಸ್ತಕ, ಆರೋಗ್ಯ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೇ ಕಡೆ ಇಡಿರಿ. ಅವುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಊರ ಹೊರಗಿನ ಒಬ್ಬ ಬಂಧುವಿಗೂ ಕಳಿಸಿರಿ.

6. ಮನೆಯ ಹೆಣ್ಣುಮಕ್ಕಳಲ್ಲಿ ಒಬ್ಬರಾದರೂ ಉಳಿತಾಯ ಸಂಘದಲ್ಲಿ ಇರಲಿ. ಅವರ ಹೆಸರಿನಲ್ಲಿಯೇ ಖಾತೆ ಇರಲಿ.

7. ಇರುವ ಸಾಲಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು, ಎಲ್ಲಕ್ಕಿಂತ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿರಿ.

8. ಪೂರ, ಬರಗಳ ಸಿದ್ಧತೆಯನ್ನು ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಸೇರಿಸಲು ಕೇಳಿರಿ. ಮುದುಕರು, ಬಸುರಿಯರು, ಅಂಗವಿಕಲರು ಇರುವ ಮನೆಗಳ ಯಾದಿ ಪಂಚಾಯತಿಯಲ್ಲಿ ಇರಲಿ.

ಇವುಗಳಲ್ಲಿ ಯಾವುದೂ ಒಂದೇ ದಿನಕ್ಕೆ ಆಗತಕ್ಕದ್ದಲ್ಲ. ಹಾಗೆಯೇ ಎಲ್ಲವೂ ರೈತನೊಬ್ಬನ ಹೊಣೆಯೂ ಅಲ್ಲ. ಎರಡು ರಾಜ್ಯಗಳ ಅಣೆಕಟ್ಟುಗಳಿಂದ ಹೊತ್ತಿಗೆ ಸರಿಯಾಗಿ ನೀರು ಬಿಡುವುದು, ಮುಳುಗುವ ಊರುಗಳಿಗೆ ಎತ್ತರದ ನಿವೇಶನ, ಪರಿಹಾರದ ಹಣ ತಡವಿಲ್ಲದೆ ಕೈಸೇರುವುದು — ಇವು ಸರಕಾರದ ಕೆಲಸಗಳು. ಅವನ್ನು ಒಕ್ಕಟ್ಟಿನಿಂದ ಕೇಳುತ್ತಲೇ ಇರಬೇಕು. ಆದರೆ ಪರಿಹಾರ ಬರುವ ತನಕ ಮನೆಯನ್ನು ನಿಲ್ಲಿಸಿ ಹಿಡಿಯುವುದು ನಾವು ಮೊದಲೇ ಮಾಡಿಟ್ಟ ಏರ್ಪಾಡು.

ಕೃಷ್ಣೆ ಇನ್ನು ಮೇಲೆಯೂ ಬತ್ತುವಳು, ಉಕ್ಕುವಳು. ಒಳ್ಳೆಯ ವರ್ಷದ ಸುಗ್ಗಿಯಲ್ಲಿ, ಕೈಯಲ್ಲಿ ನಾಲ್ಕು ಕಾಸು ಇರುವಾಗಲೇ, ಮೇಲಿನ ಎಂಟರಲ್ಲಿ ಎರಡನ್ನಾದರೂ ಆರಿಸಿಕೊಂಡು ಈ ತಿಂಗಳಲ್ಲಿಯೇ ಆರಂಭಿಸಿರಿ.